ಉಲ್ಲೇಖಗಳ ಲೆಕ್ಕ, ವಿಜ್ಞಾನಿಯ ತೂಕ

ಪ್ರತಿ ವರ್ಷ ಸೆಪ್ಟೆಂಬರ್ ಆಸುಪಾಸಿನಲ್ಲಿ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದೇ ಬಗೆಯ ಸುದ್ದಿ ಕಾಣಿಸಿಕೊಳ್ಳುತ್ತದೆ. ಇಂಥ ವಿಶ್ವವಿದ್ಯಾಲಯದ ಇಷ್ಟು ಪ್ರಾಧ್ಯಾಪಕರು ವಿಶ್ವದ ಅಗ್ರ ಶೇ. 2ರಷ್ಟು ವಿಜ್ಞಾನಿಗಳ ಪಟ್ಟಿಯಲ್ಲಿ ಸ್ಥಾನ ಪಡೆದಿದ್ದಾರೆ, ಕುಲಪತಿಗಳು ಅಭಿನಂದಿಸಿದ್ದಾರೆ ಎಂಬುದು ಅದರ ಸಾರಾಂಶ. ಸನ್ಮಾನಿತರು ಕಂಡುಹಿಡಿದದ್ದೇನು ಎಂಬ ವಿವರ ಮಾತ್ರ ಅದರಲ್ಲಿ ಇರುವುದು ಅಪರೂಪ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು ಸಿದ್ಧಪಡಿಸುವ ಈ ಪಟ್ಟಿಗೆ ಆಧಾರ ಉಲ್ಲೇಖಗಳ ಎಣಿಕೆ. ಒಬ್ಬರ ಸಂಶೋಧನಾ ಪ್ರಬಂಧವನ್ನು ಇನ್ನೊಬ್ಬರು ತಮ್ಮ ಪ್ರಬಂಧದಲ್ಲಿ ಆಧಾರವಾಗಿ ಹೆಸರಿಸಿದರೆ ಅದು ಒಂದು ಉಲ್ಲೇಖ. ಯೂಜೀನ್ ಗಾರ್ಫೀಲ್ಡ್ ಈ ಉಲ್ಲೇಖಗಳನ್ನು ಸೂಚಿಯಾಗಿ ಜೋಡಿಸುವ ಯೋಜನೆಯನ್ನು 1955ರಲ್ಲಿ ಮುಂದಿಟ್ಟಾಗ ಅವರ ಉದ್ದೇಶ ಸರಳವಾಗಿತ್ತು: ಒಂದು ವಿಚಾರವನ್ನು ಯಾರು ಮುಂದುವರಿಸಿದರು, ಯಾರು ಟೀಕಿಸಿದರು ಎಂಬುದನ್ನು ಸಂಶೋಧಕರು ಸುಲಭವಾಗಿ ಹುಡುಕಿಕೊಳ್ಳಬೇಕು. ಹುಡುಕುವ ಸಾಧನವೇ ಕ್ರಮೇಣ ಅಳೆಯುವ ಕೋಲಾಯಿತು. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ 'ಎಚ್-ಸೂಚ್ಯಂಕ'ವನ್ನು ರೂಪಿಸಿದರು. ಒಬ್ಬರ 20 ಪ್ರಬಂಧಗಳು ತಲಾ ಕನಿಷ್ಠ 20 ಬಾರಿ ಉಲ್ಲೇಖಗೊಂಡಿದ್ದರೆ ಅವರ ಸೂಚ್ಯಂಕ 20. ಒಂದೇ ಅಂಕಿಯಲ್ಲಿ ಇಡೀ ವೃತ್ತಿಜೀವನ! ಆಯ್ಕೆ ಸಮಿತಿಗಳಿಗೆ ಇದಕ್ಕಿಂತ ಅನುಕೂಲಕರವಾದದ್ದು ಇನ್ನೇನಿದ್ದೀತು?

ಈ ಅನುಕೂಲದ ಬೆಲೆಯನ್ನು ತಿಳಿಯಲು ಬೆಂಗಳೂರಿನಿಂದ ಹೊರಗೆ ಹೋಗಬೇಕಿಲ್ಲ. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಒಂದು ಪುಟ್ಟ ಪ್ರಬಂಧವನ್ನು ಪ್ರಕಟಿಸಿದರು. (ನೊಬೆಲ್ ಪುರಸ್ಕೃತ ಖಗೋಳ ಭೌತವಿಜ್ಞಾನಿ ಚಂದ್ರಶೇಖರ್ ಬೇರೆ; ಇಬ್ಬರೂ ಸಿ.ವಿ. ರಾಮನ್ ಅವರಿಗೆ ಹತ್ತಿರದ ಬಂಧುಗಳು.) ದ್ರವ ಹರಳುಗಳು ಕಡ್ಡಿಯಂಥ ಉದ್ದನೆಯ ಅಣುಗಳಿಂದಲೇ ಉಂಟಾಗುತ್ತವೆ ಎಂಬ ನಂಬಿಕೆ ಬೇರೂರಿದ್ದ ಕಾಲವದು. ಬಿಲ್ಲೆಯಾಕಾರದ ಅಣುಗಳಿಂದಲೂ ಅವು ಉಂಟಾಗಬಲ್ಲವು ಎಂದು ಈ ಮೂವರು ತೋರಿಸಿದರು. ಹೊಸದೊಂದು ಸಂಶೋಧನಾ ಕ್ಷೇತ್ರವೇ ಅಲ್ಲಿಂದ ತೆರೆದುಕೊಂಡಿತು. ಎಲ್‌ಸಿಡಿ ಪರದೆಯನ್ನು ಓರೆಯಾಗಿ ನೋಡಿದರೂ ಚಿತ್ರ ಮಸುಕಾಗದಂತೆ ಮಾಡುವ ಪದರಗಳಲ್ಲಿ ಇಂಥ ಅಣುಗಳು ಬಳಕೆಗೆ ಬಂದವು. ಪ್ರಬಂಧ ಅಚ್ಚಾದದ್ದು ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಅಲ್ಲ; ಭಾರತೀಯ ವಿಜ್ಞಾನ ಅಕಾಡೆಮಿ ಬೆಂಗಳೂರಿನಿಂದಲೇ ಹೊರತರುವ 'ಪ್ರಮಾಣ' ನಿಯತಕಾಲಿಕದಲ್ಲಿ.

ಇದನ್ನು ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯ ತಕ್ಕಡಿಯಲ್ಲಿಟ್ಟು ನೋಡಬೇಕು. ನಿಯತಕಾಲಿಕದ 'ಇಂಪ್ಯಾಕ್ಟ್ ಫ್ಯಾಕ್ಟರ್', ಅಂದರೆ ಅದರಲ್ಲಿ ಪ್ರಕಟವಾದ ಪ್ರಬಂಧಗಳು ಸರಾಸರಿ ಎಷ್ಟು ಉಲ್ಲೇಖ ಪಡೆಯುತ್ತವೆ ಎಂಬ ಅಂಕಿ, 10ನ್ನು ಮೀರಿದರೆ ಪ್ರಬಂಧಕ್ಕೆ 30 ಅಂಕ. 1ಕ್ಕಿಂತ ಕಡಿಮೆಯಿದ್ದರೆ 10 ಅಂಕ. 'ಪ್ರಮಾಣ'ವು 10ರ ಹತ್ತಿರಕ್ಕೂ ಸುಳಿದ ನಿಯತಕಾಲಿಕವಲ್ಲ. ಪ್ರಬಂಧ ಯಾವ ಮನೆಯಲ್ಲಿ ವಾಸವಾಗಿದೆ ಎಂಬುದಕ್ಕೆ ಅಂಕವಿದೆ, ಅದರೊಳಗೆ ಏನಿದೆ ಎಂಬುದಕ್ಕಿಲ್ಲ.

ಉಲ್ಲೇಖಗಳಿಗೆ ಅರ್ಥವೇ ಇಲ್ಲವೆಂದಲ್ಲ. ದಶಕಗಳ ಕಾಲ ಯಾರೂ ಮುಟ್ಟದ ನೂರು ಪ್ರಬಂಧಗಳಿಗಿಂತ ನೂರಾರು ಮಂದಿ ಬಳಸಿದ ಒಂದು ಪ್ರಬಂಧ ಮಿಗಿಲೆನ್ನಲು ಅಡ್ಡಿಯಿಲ್ಲ. ಆದರೆ ಗಣಿತದಲ್ಲಿ ಉಲ್ಲೇಖಗಳು ವಿರಳ, ವೈದ್ಯಕೀಯದಲ್ಲಿ ಧಾರಾಳ. ಪೀಟರ್ ಹಿಗ್ಸ್ ಅವರು 1964ರ ಪ್ರಸಿದ್ಧ ಕೆಲಸದ ನಂತರ ಪ್ರಕಟಿಸಿದ ಪ್ರಬಂಧಗಳು ಹತ್ತಕ್ಕಿಂತ ಕಡಿಮೆ. ಇಂದಿನ ವ್ಯವಸ್ಥೆಯಲ್ಲಿ ತಮಗೆ ಕೆಲಸವೇ ಸಿಗುತ್ತಿರಲಿಲ್ಲ ಎಂದು ಅವರು 2013ರಲ್ಲಿ, ನೊಬೆಲ್ ಸ್ವೀಕರಿಸುವ ಹೊತ್ತಿನಲ್ಲಿ ಹೇಳಿದ್ದರು.

ಸಹಯೋಗದ ಲೆಕ್ಕ ಇನ್ನೂ ಗೋಜಲು. ಹಿಗ್ಸ್ ಕಣದ ದ್ರವ್ಯರಾಶಿ ಕುರಿತು 2015ರಲ್ಲಿ ಪ್ರಕಟವಾದ ಪ್ರಬಂಧಕ್ಕೆ 5,154 ಲೇಖಕರು. 33 ಪುಟಗಳ ಪೈಕಿ 24 ಪುಟಗಳನ್ನು ಲೇಖಕರ ಮತ್ತು ಅವರ ಸಂಸ್ಥೆಗಳ ಹೆಸರುಗಳೇ ತುಂಬಿದವು. ಇಂಥ ಪ್ರಯೋಗಕ್ಕೆ ಅಷ್ಟು ಜನ ಬೇಕೇ ಬೇಕು, ತಪ್ಪೇನಿಲ್ಲ. ಆದರೆ ಎಚ್-ಸೂಚ್ಯಂಕದ ದೃಷ್ಟಿಯಲ್ಲಿ ಒಬ್ಬರೇ ಬರೆದ ಪ್ರಬಂಧದ ಉಲ್ಲೇಖಕ್ಕೂ 5,154 ಮಂದಿಯಲ್ಲಿ ಒಬ್ಬರಾಗಿ ಪಡೆದ ಉಲ್ಲೇಖಕ್ಕೂ ಭೇದವಿಲ್ಲ. 2018ರ ನಿಯಮಾವಳಿ ಇದಕ್ಕೆ ಕಂಡುಕೊಂಡ ದಾರಿ ಹೀಗಿತ್ತು: ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಪ್ರಧಾನ ಲೇಖಕರಿಗೆ ಶೇ. 70, ಉಳಿದ ಪ್ರತಿಯೊಬ್ಬರಿಗೂ ಶೇ. 30. ನಾಲ್ವರು ಕೂಡಿ ಬರೆದರೆ ಒಟ್ಟು ಶೇ. 160! ಹೆಸರು ಸೇರಿಸಿಕೊಳ್ಳುವವರಿಗೆ ಇದಕ್ಕಿಂತ ಉದಾರವಾದ ಆಹ್ವಾನ ಬೇಕಿಲ್ಲ. ಈ ವಿಷಯದಲ್ಲಿ ಸ್ಟ್ಯಾನ್‌ಫರ್ಡ್ ಪಟ್ಟಿಯೇ ವಾಸಿ. ಅದು ಸಹಲೇಖಕರ ಸಂಖ್ಯೆಯನ್ನೂ ಲೇಖಕರ ಸ್ಥಾನವನ್ನೂ ಪರಿಗಣಿಸುತ್ತದೆ; ತಮ್ಮನ್ನು ತಾವೇ ಉಲ್ಲೇಖಿಸಿಕೊಂಡ ಲೆಕ್ಕವನ್ನು ಬೇರ್ಪಡಿಸಿ ತೋರಿಸುತ್ತದೆ. ಅಭಿನಂದನಾ ಸಮಾರಂಭಗಳಲ್ಲಿ ಆ ಕಾಲಂ ಓದಿದ್ದನ್ನು ಕೇಳಿದವರಿಲ್ಲ.

ಅಂಕಿಗೆ ಹುದ್ದೆ, ಬಡ್ತಿ, ಪ್ರೋತ್ಸಾಹಧನ ಗಂಟುಬಿದ್ದ ಮೇಲೆ ನಡೆಯಬೇಕಾದದ್ದು ನಡೆದಿದೆ. ಹಣಕ್ಕೆ ಪ್ರಬಂಧ ತಯಾರಿಸಿಕೊಡುವ ಕಾರ್ಖಾನೆಗಳು ಹುಟ್ಟಿಕೊಂಡವು, ಪರಸ್ಪರ ಉಲ್ಲೇಖಿಸಿಕೊಳ್ಳುವ ಕೂಟಗಳು ಬೆಳೆದವು. ಅತಿ ಹೆಚ್ಚು ಉಲ್ಲೇಖಿತ ಸಂಶೋಧಕರ ಪಟ್ಟಿ ಪ್ರಕಟಿಸುವ ಕ್ಲಾರಿವೇಟ್ ಸಂಸ್ಥೆ 2023ರಲ್ಲಿ ಗಣಿತ ವಿಭಾಗವನ್ನೇ ಕೈಬಿಟ್ಟಿತು. ಉಲ್ಲೇಖಗಳು ಕಡಿಮೆಯಿರುವಲ್ಲಿ ಸ್ವಲ್ಪ ಕೈಚಳಕದಿಂದಲೇ ಪಟ್ಟಿ ಬುಡಮೇಲಾಗುತ್ತದೆಂಬುದು ಅದರ ಆತಂಕ. ನಮ್ಮಲ್ಲಿ ಪಿಎಚ್.ಡಿ.ಗೆ ಮುನ್ನ ಪ್ರಬಂಧ ಪ್ರಕಟಿಸಲೇಬೇಕೆಂಬ ಷರತ್ತನ್ನು ಯುಜಿಸಿ 2022ರಲ್ಲಿ ತೆಗೆದುಹಾಕಿತು. ರಾಷ್ಟ್ರೀಯ ಸಾಂಸ್ಥಿಕ ಶ್ರೇಯಾಂಕದಲ್ಲಿ, ಹಿಂಪಡೆಯಲಾದ ಪ್ರಬಂಧಗಳಿಗೆ ಅಂಕ ಕಡಿತ ಆರಂಭವಾದದ್ದು 2025ರಲ್ಲಿ.

ಇವೆಲ್ಲ ತಡವಾಗಿ ಹಾಕಿದ ಬೇಲಿಗಳು. ಇದರಿಂದ ಹೆಚ್ಚು ನಷ್ಟ ಅನುಭವಿಸುವವರು ಪಟ್ಟಿಗಳಲ್ಲಿ ಮೆರೆಯುವ ಹಿರಿಯರಲ್ಲ. ಮೂರು ವರ್ಷ ಒಂದೇ ಕಠಿಣ ಸಮಸ್ಯೆಯ ಬೆನ್ನುಹತ್ತಿ, ಒಂದೇ ಪ್ರಬಂಧದೊಂದಿಗೆ ಸಂದರ್ಶನಕ್ಕೆ ಬರುವ ತರುಣ ಸಂಶೋಧಕರು. ನೇಮಕಾತಿಯಲ್ಲಿ ನಿಯತಕಾಲಿಕದ ಅಂಕಿಯನ್ನು ಬಿಟ್ಟು ಕೆಲಸವನ್ನೇ ಓದಿ ಎಂದು 2012ರ ಸ್ಯಾನ್‌ಫ್ರಾನ್ಸಿಸ್ಕೊ ಘೋಷಣೆ ಕೇಳಿಕೊಂಡಿತ್ತು. ಅಭ್ಯರ್ಥಿಯೊಬ್ಬರ ಮುಖ್ಯವಾದ ಮೂರು ಪ್ರಬಂಧಗಳನ್ನು ವಿಷಯತಜ್ಞರು ಓದಲು ಒಂದು ದಿನ ಬೇಕಾದೀತು. ನೂರಾರು ಅರ್ಜಿಗಳನ್ನು ಒಂದೆರಡು ದಿನಗಳಲ್ಲಿ ಮುಗಿಸುವ ಸಮಿತಿಗೆ ಆ ದಿನವನ್ನು ಕೊಡುವವರು ಯಾರು ಎಂಬ ಪ್ರಶ್ನೆಗೆ ಯಾವ ನಿಯಮಾವಳಿಯೂ ಉತ್ತರಿಸಿಲ್ಲ.