ಸರ್ಕಾರಿ ವಕೀಲ ಯಾರ ವಕೀಲ?

ಚೆನ್ನೈಯಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದ ಕಡೆ ಜಯಲಲಿತಾ ಆಸ್ತಿ ಪ್ರಕರಣದ ಮಾತು ಬಂದರೆ ಒಂದು ಜಂಬ ತಪ್ಪದೆ ಕೇಳಿಸುತ್ತದೆ: 'ಕೇಸು ನಮ್ಮ ಬೆಂಗಳೂರಿಗೆ ಬಂತು, ಅದಕ್ಕೇ ಶಿಕ್ಷೆ ಆಯ್ತು.' ಆ ಕೇಸಿನ ವಿಶೇಷ ಸರ್ಕಾರಿ ಅಭಿಯೋಜಕರಾಗಿದ್ದ ಬಿ.ವಿ. ಆಚಾರ್ಯರ ವೃತ್ತಿಜೀವನ ನೋಡಿದರೆ ಈ ಜಂಬ ನಿಲ್ಲುವುದಿಲ್ಲ.

ಕೇಸು ಚೆನ್ನೈ ಬಿಟ್ಟದ್ದೇ ಸರ್ಕಾರಿ ವಕೀಲಿಕೆ ಕೈಕೊಟ್ಟಿದ್ದರಿಂದ. 2001ರಲ್ಲಿ ಜಯಲಲಿತಾ ಮತ್ತೆ ಅಧಿಕಾರಕ್ಕೆ ಬಂದ ಮೇಲೆ 76 ಸಾಕ್ಷಿಗಳನ್ನು ಪುನಃ ಕರೆಸಿದರು. 64 ಮಂದಿ ಮೊದಲಿನ ಹೇಳಿಕೆಯಿಂದ ಹಿಂದೆ ಸರಿದರು. ಸರ್ಕಾರಿ ವಕೀಲರು ಅವರನ್ನು ಪ್ರತಿಕೂಲ ಸಾಕ್ಷಿ ಎಂದು ಘೋಷಿಸುವ ಗೋಜಿಗೂ ಹೋಗಲಿಲ್ಲ. 2003ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೇಸನ್ನು ಕರ್ನಾಟಕಕ್ಕೆ ಕಳಿಸಿತು.

ಸರಿ, ಕರ್ನಾಟಕದಲ್ಲಿ ಏನಾಯಿತು? ಉಡುಪಿ ಕಡೆಯ ಆಚಾರ್ಯರು ಐದು ಬಾರಿ ರಾಜ್ಯದ ಅಡ್ವೊಕೇಟ್ ಜನರಲ್ ಆದವರು. 2012ರಲ್ಲಿ ಎರಡು ಹುದ್ದೆಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಪರಿಸ್ಥಿತಿ ಬಂದಾಗ ದೊಡ್ಡ ಹುದ್ದೆಯನ್ನೇ ಬಿಟ್ಟರು. (ಎರಡೂ ಒಬ್ಬರ ಕೈಯಲ್ಲಿರಬಾರದು ಎಂಬುದು ನನಗೂ ಒಪ್ಪಿಗೆ. ಆದರೆ ಆ ಆತುರ ಆಗಲೇ ಏಕೆ?) ಅವರ ಮೇಲೆ ಖಾಸಗಿ ದೂರೂ ಬಿತ್ತು, ಹೈಕೋರ್ಟ್ ಅದನ್ನು ರದ್ದುಮಾಡಿತು. ಆಗಸ್ಟಿನಲ್ಲಿ ಕಿರುಕುಳ ಸಾಕೆಂದು ಅಭಿಯೋಜಕ ಹುದ್ದೆಗೂ ರಾಜೀನಾಮೆ ಕೊಟ್ಟರು. ಇದು ನಮ್ಮ ಬೆಂಗಳೂರಿನಲ್ಲೇ ನಡೆದದ್ದು.

2014ರಲ್ಲಿ ಶಿಕ್ಷೆಯಾಯಿತು. ಮೇಲ್ಮನವಿ ಹೈಕೋರ್ಟಿಗೆ ಬಂದಾಗ ಸರ್ಕಾರಿ ವಕೀಲರನ್ನು ನೇಮಿಸಿದ್ದು ತಮಿಳುನಾಡು. ಆರೋಪಿಯದೇ ಪಕ್ಷದ ಸರ್ಕಾರ! ಆ ನೇಮಕ ಸಿಂಧುವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2015ರ ಏಪ್ರಿಲ್ 27ರಂದು, ವಾದವೆಲ್ಲ ಮುಗಿದ ಮೇಲೆ. ಮತ್ತೆ ಕರೆಸಿಕೊಂಡ ಆಚಾರ್ಯರಿಗೆ ಸಿಕ್ಕಿದ್ದು ಲಿಖಿತ ವಾದ ಸಲ್ಲಿಸಲು ಒಂದೇ ದಿನ. ಮೇ 11ರಂದು ಎಲ್ಲರ ಬಿಡುಗಡೆ. ಆ ತೀರ್ಪಿನ ಸಾಲದ ಪಟ್ಟಿಯನ್ನು ಆಚಾರ್ಯರು ಕೂಡಿ ನೋಡಿದರು: 10.67 ಕೋಟಿ ಆಗಬೇಕಾದ ಮೊತ್ತ 24.17 ಕೋಟಿ ಎಂದು ಬರೆದಿತ್ತು. ಎಕ್ಸೆಲ್ ಹಾಳೆಯಲ್ಲಿ ಇಂಥದ್ದು ಬಂದರೆ ನಮ್ಮ ಟ್ರೈನಿಗಳೂ ಹಿಡಿಯುತ್ತಾರೆ. ಹೆಚ್ಚುವರಿ ಆಸ್ತಿ ಬರೀ 8.12 ಶೇಕಡಾ, ಹಾಗಾಗಿ ಕ್ಷಮ್ಯ ಎಂದ ಲೆಕ್ಕ ಆ ಮೊತ್ತದ ಮೇಲೆ ನಿಂತಿತ್ತು. ತಿದ್ದಿದರೆ 76 ದಾಟುತ್ತದೆ ಎಂದರು. 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮೊದಲಿನ ಶಿಕ್ಷೆಯನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಮೊದಲ ಆರೋಪಿ ತೀರಿಕೊಂಡಿದ್ದರು.

ಊರು ಬದಲಾದರೆ ಸಾಲದು, ನೇಮಿಸುವ ಕೈ ಬದಲಾಗಬೇಕು. ಟೆಸ್ಟಿಂಗ್ ತಂಡದ ಅಪ್ರೈಸಲನ್ನು ಕೋಡ್ ಬರೆದವನೇ ಬರೆಯುವುದಾದರೆ ಯಾವ ಬಗ್ ಹೊರಬರುತ್ತದೆ? ಅಭಿಯೋಜಕರಿಗೆ ನಿಗದಿತ ಅವಧಿ ಬೇಕು, ನಡುವೆ ತೆಗೆಯಲು ಹೈಕೋರ್ಟಿನ ಒಪ್ಪಿಗೆ ಬೇಕು. 2024ರ ಜುಲೈಯಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ನೇಮಕ ಸರ್ಕಾರದ್ದೇ.