ದಪ್ಪಕ್ಷರದ ದನಿ: ಜೇಜುರಿಯ ನೆಪದಲ್ಲಿ ಒಂದು ವಿಚಾರ

ನಮ್ಮ ಸಾಹಿತ್ಯ ವಿಮರ್ಶೆಯು ಶಬ್ದಾರ್ಥಗಳನ್ನು ಕುರಿತು ಚಿಂತಿಸಿದಷ್ಟು ಆ ಶಬ್ದಗಳು ಪುಟದ ಮೇಲೆ ಕಣ್ಣಿಗೆ ಗೋಚರಿಸುವ ಬಗೆಯನ್ನು ಕುರಿತು ಚಿಂತಿಸಿಲ್ಲ. ಅರ್ಥವು ವಿದ್ವಾಂಸರ ಪಾಲು, ಅಕ್ಷರರೂಪವು ಮುದ್ರಣಾಲಯದವರ ಪಾಲು ಎಂಬ ವಿಭಜನೆ ಬಹುಮಟ್ಟಿಗೆ ರೂಢಿಯಾಗಿದೆ. ಈ ವಿಭಜನೆ ಎಷ್ಟು ಕೃತಕವಾದುದೆಂಬುದನ್ನು ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ಜೇಜುರಿ ಎರಡು ಬಗೆಯಲ್ಲಿ ತೋರಿಸಿಕೊಡುತ್ತದೆ.

ಮೊದಲನೆಯದು ಕಾವ್ಯದ ಮೂಲಕ. ಅರುಣ್ ಕೊಲಟ್ಕರ್ (1931–2004) ಇಂಗ್ಲಿಷಿನಲ್ಲಿ ರಚಿಸಿದ ‘ಜೇಜುರಿ’ 1976ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾಗಿ, 1977ರಲ್ಲಿ ಕಾಮನ್‌ವೆಲ್ತ್ ಕಾವ್ಯ ಪ್ರಶಸ್ತಿಯನ್ನು ಪಡೆಯಿತು. ಕೊಲಟ್ಕರ್ ಚಿತ್ರಕಲೆಯನ್ನು ಅಭ್ಯಸಿಸಿ ಜಾಹೀರಾತು ಕ್ಷೇತ್ರದಲ್ಲಿ ವಿನ್ಯಾಸಕಾರರಾಗಿ ದುಡಿದವರು. ಜೇಜುರಿಗೂ ರೈಲು ನಿಲ್ದಾಣಕ್ಕೂ ನಡುವಣ ಹೊಲವೊಂದರಲ್ಲಿ ಕೋಳಿಗಳು ಕುಣಿಯುವುದನ್ನು ಅವರು ವರ್ಣಿಸುವಾಗ ಪದಗಳೇ ಪುಟದ ಮೇಲೆ ಮೇಲಕ್ಕೂ ಕೆಳಕ್ಕೂ ನೆಗೆಯುತ್ತವೆ. ಇಲ್ಲಿ ಮುದ್ರಣವು ಕಾವ್ಯದ ಹೊರಗಿನ ಉಡುಪಲ್ಲ, ಅದರ ಅಂಗವೇ ಆಗಿದೆ.

ಎರಡನೆಯದು ಹೆಸರಿನ ಮೂಲಕ. ಅದನ್ನು ಅರಿಯಲು ಪಾಶ್ಚಾತ್ಯ ಮುದ್ರಣದಲ್ಲಿ ‘ಸ್ಲ್ಯಾಬ್ ಸೆರಿಫ್’ ಎಂದು ಕರೆಯಲಾಗುವ ದಪ್ಪಕ್ಷರದ ಸ್ವಭಾವವನ್ನು ಮೊದಲು ಗಮನಿಸಬೇಕು. ರೋಮನ್ ಅಕ್ಷರದ ತುದಿಗಳಲ್ಲಿರುವ ಸಣ್ಣ ಗೀಟುಗಳನ್ನು ಚಪ್ಪಡಿಯಂತೆ ದಪ್ಪವಾಗಿಸಿ, ಅಕ್ಷರದ ಎಲ್ಲ ರೇಖೆಗಳನ್ನೂ ಹೆಚ್ಚುಕಡಿಮೆ ಒಂದೇ ತೂಕಕ್ಕೆ ತಂದರೆ ಈ ರೂಪ ದೊರೆಯುತ್ತದೆ. ಲಂಡನ್ನಿನ ವಿನ್ಸೆಂಟ್ ಫಿಗಿನ್ಸ್ 1817ರ ಹೊತ್ತಿಗೆ ‘ಆಂಟಿಕ್’ ಎಂಬ ಹೆಸರಿನಲ್ಲಿ ಇಂತಹ ಮೊಳೆಗಳನ್ನು ತನ್ನ ಮಾದರಿ ಪುಸ್ತಕದಲ್ಲಿ ಪ್ರದರ್ಶಿಸಿದ್ದನು. ಅದೇ 1817ರಲ್ಲಿ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತೆಂಬುದು ನೆನೆಯತಕ್ಕ ಸಂಗತಿ. ಅಲ್ಲಿ ಗೋಡೆಯ ಭಿತ್ತಿಪತ್ರಗಳಿಗಾಗಿ ಅಕ್ಷರ ದಪ್ಪವಾಗುತ್ತಿದ್ದಾಗ ಇಲ್ಲಿ ಕನ್ನಡವು ಅಚ್ಚುಮೊಳೆಯೊಳಗೆ ನಿಲ್ಲುವುದನ್ನು ಇನ್ನೂ ಕಲಿಯುತ್ತಿತ್ತು.

ದಪ್ಪಕ್ಷರಕ್ಕೆ ಎರಡು ಉಪಯೋಗಗಳುಂಟು. ಒಂದು, ದೂರದಿಂದ ಕೂಗಿ ಕರೆಯುವುದು. ಇನ್ನೊಂದು, ಹತ್ತಿರದಿಂದ ಬೆರಳಿಟ್ಟು ತೋರಿಸುವುದು. 1845ರಲ್ಲಿ ರಾಬರ್ಟ್ ಬೆಸ್ಲಿ ಹೊರತಂದ ‘ಕ್ಲಾರೆಂಡನ್’ ಎಂಬ ಮೊಳೆ ಈ ಎರಡನೆಯ ಕಾರ್ಯಕ್ಕೆ ಒದಗಿತು. 1884ರಿಂದ ಕಂತುಗಳಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ನಿಘಂಟಿನ ಮುಖ್ಯಪದಗಳು ಈ ಬಗೆಯ ಅಕ್ಷರದಲ್ಲಿಯೇ ಇವೆ. ಕೂಗುವ ಅಕ್ಷರವನ್ನು ಪಳಗಿಸಿದರೆ ಅದು ವಿದ್ವತ್ತಿನ ಸೇವೆಗೂ ಸಲ್ಲುತ್ತದೆ. ಆದರೆ ಇಡೀ ಪುಟವನ್ನೇ ಅದರಲ್ಲಿ ಅಚ್ಚುಮಾಡಿದರೆ ಎಲ್ಲವೂ ಮುಖ್ಯವಾಗಿ, ಕೊನೆಗೆ ಯಾವುದೂ ಮುಖ್ಯವಾಗಿ ಉಳಿಯುವುದಿಲ್ಲ.

ಇನ್ನು ಕನ್ನಡದ ಪ್ರಶ್ನೆ. ‘ಜೇಜುರಿ’ ಎಂಬ ಹೆಸರನ್ನೇ ಬರೆದು ನೋಡಬಹುದು. ನಾಗರಿಯಲ್ಲಿ ಆ ಹೆಸರಿನ ಮೂರು ಅಕ್ಷರಗಳೂ ಒಂದೇ ಶಿರೋರೇಖೆಗೆ ತೂಗುಬಿದ್ದಿರುತ್ತವೆ. ತೂಕ ಹೊರಬೇಕಾದ ತೊಲೆ ಅಲ್ಲಿ ಮೊದಲೇ ಸಿದ್ಧವಾಗಿದೆ. ಕನ್ನಡದಲ್ಲಿ ಅಂತಹ ಕೂಡುರೇಖೆಯಿಲ್ಲ. ಪ್ರತಿ ಅಕ್ಷರಕ್ಕೂ ಅದರದೇ ತಲೆಕಟ್ಟು. ಅದಾದರೂ ಎಲ್ಲಕ್ಕೂ ಇಲ್ಲ: ಖ, ಜ, ಟ, ಣ, ಬ, ಲ ಮೊದಲಾದವು ತಲೆಕಟ್ಟಿಲ್ಲದವು. ‘ರ’ದ ತಲೆಕಟ್ಟು ಇಕಾರ ಬಂದೊಡನೆ ಗುಡಿಸಿಗೆ ಎಡೆಗೊಡುತ್ತದೆ. ಹೀಗಾಗಿ ‘ಜೇಜುರಿ’ ಎಂಬಲ್ಲಿ ಚಪ್ಪಡಿಯಾಗಬಲ್ಲ ತಲೆಕಟ್ಟು ಒಂದೂ ಇಲ್ಲ. ‘ಕನ್ನಡ’ ಎಂಬಲ್ಲಿಯಾದರೋ ಮೂರು ಅಕ್ಷರಗಳಿಗೂ ತಲೆಕಟ್ಟಿದೆ. ಆದರೆ ಕೆಳಗೆ ಒತ್ತಕ್ಷರವೊಂದು ಕುಳಿತಿದೆ.

ಇಷ್ಟೇ ಅಲ್ಲ. ಕನ್ನಡದಲ್ಲಿ ಅರ್ಥಭೇದವು ಅಕ್ಷರದ ಒಡಲಿನ ಬಯಲಿನಲ್ಲಿ ಅಡಗಿದೆ. ‘ರ’ ಮತ್ತು ‘ಠ’ಗಳ ವ್ಯತ್ಯಾಸ ಒಂದು ಚುಕ್ಕೆ; ‘ದ’ ಮತ್ತು ‘ಧ’ಗಳದು ಒಂದು ಸೀಳು; ‘ಪ’ ಮತ್ತು ‘ಷ’ಗಳದು ಒಳಗಿನ ಒಂದು ಗೀಟು. ವಿಚಾರವಿಲ್ಲದೆ ರೇಖೆಯನ್ನು ಊದಿಸಿದರೆ ಮೊದಲು ಮುಚ್ಚಿಹೋಗುವುದು ಈ ಬಯಲೇ. ರೋಮನ್ ಅಕ್ಷರದ ಪಾದಗಳನ್ನು ತಂದು ಕನ್ನಡದ ದುಂಡಿಗೆ ಅಂಟಿಸುವುದು ಅಂದಗೇಡು ಮಾತ್ರವಲ್ಲ, ಓದಿಗೇ ಅಡ್ಡಿ. ಮಹಾಪ್ರಾಣವು ಮಸಿಯಲ್ಲಿ ಮುಳುಗಿದ ಮೇಲೆ ಅಕ್ಷರ ಎಷ್ಟು ದಪ್ಪವಾಗಿದ್ದರೇನು?

ಹಾಗೆಂದು ಕನ್ನಡಕ್ಕೆ ದಪ್ಪಕ್ಷರವೇ ಸಲ್ಲದು ಎನ್ನುವುದೂ ದುಡುಕು. ಈ ವಿಷಯದಲ್ಲಿ ಜೇಜುರಿಯ ಜಯಘೋಷವೇ ದಾರಿ ತೋರಿಸುತ್ತದೆ. ಹೂವಿನಹಡಗಲಿಯ ಮೈಲಾರದಲ್ಲಿ, ರಾಣೆಬೆನ್ನೂರಿನ ದೇವರಗುಡ್ಡದಲ್ಲಿ ಮೈಲಾರಲಿಂಗನ ಒಕ್ಕಲು ಕೂಗುವ ‘ಏಳುಕೋಟಿ’ಯು ಜೇಜುರಿಯ ಖಂಡೋಬನ ಭಕ್ತರ ಬಾಯಲ್ಲಿ ‘ಯೇಳಕೋಟ’ ಎಂದಾಗಿದೆ. ಮರಾಠಿ ಆ ಮಾತನ್ನು ನಿರಾಕರಿಸಲಿಲ್ಲ, ಇದ್ದಂತೆಯೇ ಇಟ್ಟುಕೊಳ್ಳಲೂ ಇಲ್ಲ. ತನ್ನ ಉಚ್ಚಾರಣೆಗೆ ಒಗ್ಗಿಸಿಕೊಂಡು, ಅದರ ಕಾವನ್ನು ಮಾತ್ರ ಉಳಿಸಿಕೊಂಡಿತು. ಲಿಪಿಯ ಸ್ವೀಕಾರವೂ ಇದೇ ಕ್ರಮದಲ್ಲಿ ನಡೆಯಬೇಕು. ಚಪ್ಪಡಿಯ ಗುಣವಾದ ಸ್ಥೈರ್ಯವನ್ನು ಪಡೆದು, ಅದರ ಆಕಾರವನ್ನು ಬಿಡಬೇಕು. ತಲೆಕಟ್ಟು ಇರುವಲ್ಲಿ ತೂಕ ತಲೆಕಟ್ಟಿಗೆ, ಇಲ್ಲದಲ್ಲಿ ದುಂಡಿನ ಹೊರಬಾಗಿಗೆ ಸಲ್ಲಬೇಕು. ಒಡಲು ತೆರೆದಿರಬೇಕು, ಒತ್ತಕ್ಷರಕ್ಕೆ ಉಸಿರಾಡಲು ಎಡೆಯಿರಬೇಕು.

ಗಣಕಯಂತ್ರವು ಈಗ ಈ ಕಾರ್ಯವನ್ನು ಸುಲಭವಾಗಿಸಿದೆ. ಮುಂಬಯಿಯ ‘ಏಕ್ ಟೈಪ್’ ಸಂಸ್ಥೆಯ ‘ಬಾಲೂ ತಮ್ಮ’, 2022ರಲ್ಲಿ ಬಂದ ‘ಅನೇಕ್’ ಮೊದಲಾದ ಅಕ್ಷರಮಾಲೆಗಳು ಭಾರವನ್ನು ಕನ್ನಡದ ದುಂಡಿನೊಳಗೇ ಹೊರಿಸಲು ಯತ್ನಿಸಿವೆ. ಆದರೆ ಯಾವ ರೂಪ ಕನ್ನಡಕ್ಕೆ ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂದು ನಿರ್ಣಯಿಸುವ ಹೊಣೆಯನ್ನು ವಿನ್ಯಾಸಕಾರರೊಬ್ಬರೇ ಹೊರಲಾಗದು. ಶಾಸನಗಳ ಮತ್ತು ಓಲೆಗರಿಗಳ ಅಕ್ಷರವನ್ನು ಓದಬಲ್ಲವರು ಕನ್ನಡ ವಿಭಾಗಗಳಲ್ಲಿದ್ದಾರೆ. ಲಿಪಿಶಾಸ್ತ್ರದ ಪಾಠವು ಹಳೆಯ ಶಿಲೆಯ ಬಳಿಗೇ ನಿಂತುಬಿಡದೆ ಅಚ್ಚುಮೊಳೆಯವರೆಗೆ, ಬೀದಿಯ ಫಲಕದವರೆಗೆ ಮುಂದುವರಿಯಬೇಕಾಗಿದೆ. ಖಂಡೋಬನ ದರ್ಶನಕ್ಕೆ ಗಡಿ ದಾಟಿ ಹೋಗುವ ಕನ್ನಡದ ಯಾತ್ರಿಕನಿಗಾಗಿ ಒಂದು ಫಲಕ ಬರೆಯುವುದಾದರೆ, ಅದು ದೂರದಿಂದ ಕಾಣಬೇಕು, ಹತ್ತಿರ ಹೋದಾಗ ಕನ್ನಡವಾಗಿಯೇ ಇರಬೇಕು.