ಕಾಯಕ ನೀಡುವವರ ಕಾಯಕ

ಕಾಯಕತತ್ತ್ವವನ್ನು ಕುರಿತು ಮಾತನಾಡುವಾಗಲೆಲ್ಲ ದುಡಿಯುವವನ ನಿಷ್ಠೆಯನ್ನೇ ಎತ್ತಿ ಹೇಳುವುದು ರೂಢಿ. ಮಾಡುವ ಕೆಲಸದಲ್ಲಿ ಮೈಗಳ್ಳತನವಿರಬಾರದು, ಮೋಸವಿರಬಾರದು, ದುಡಿಯದೆ ಉಣ್ಣಬಾರದು ಎಂದು ಪ್ರವಚನಗಳಲ್ಲಿ ಕೇಳುತ್ತಲೇ ಇರುತ್ತೇವೆ. ಇವೆಲ್ಲವೂ ಸತ್ಯ. ಆದರೆ ನಾಲ್ಕು ಜನರಿಗೆ ಕೆಲಸ ಕೊಟ್ಟು, ಅವರ ಬೆವರಿನ ಫಲವನ್ನು ತಾನೂ ಉಣ್ಣುವ ಧಣಿಯ ನಿಷ್ಠೆ ಯಾವುದು ಎಂಬ ಪ್ರಶ್ನೆ ಮಾತ್ರ ಅಪರೂಪಕ್ಕೆ ಕೇಳಿಬರುತ್ತದೆ. ದುಡಿಸಿಕೊಳ್ಳುವುದೂ ಒಂದು ಕಾಯಕವೇ ಅಲ್ಲವೇ? ಹಾಗಿದ್ದರೆ ಅದಕ್ಕೂ ಒಂದು ಶುದ್ಧಿ ಇರಲೇಬೇಕು.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗ ಎಲ್ಲ ಸದ್ಭಕ್ತರಿಗೂ ತಿಳಿದದ್ದೇ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದು ತಮ್ಮ ಪಾಲಿನದಲ್ಲವೆಂದು ಲಕ್ಕಮ್ಮ ಹಿಂದಕ್ಕೆ ಕಳುಹಿಸಿದಳೆಂದು ಪರಂಪರೆ ಹೇಳುತ್ತದೆ. ಈ ಕಥೆಯನ್ನು ಬಡವನ ನಿರಾಸೆಯ ಪಾಠವೆಂದು ಮಾತ್ರ ಓದಿದರೆ ಅರ್ಧ ಓದಿದಂತೆ. ಹೆಚ್ಚಾದುದು ಹೆಚ್ಚಾಗಿದೆಯೆಂದು ಲಕ್ಕಮ್ಮನಿಗೆ ಗೊತ್ತಾದುದು ಹೇಗೆ? ನಿತ್ಯದ ಅಳತೆ ಆಕೆಗೆ ಚೆನ್ನಾಗಿ ತಿಳಿದಿತ್ತು. ಅಳತೆ ತಿಳಿಯದವರ ಮನೆಯಲ್ಲಿ ಪರರ ಅಕ್ಕಿ ಸದ್ದಿಲ್ಲದೆ ಬಂದು ಸೇರುತ್ತದೆ. ಸೇರಿತೆಂಬುದೂ ಅವರಿಗೆ ತಿಳಿಯುವುದಿಲ್ಲ. ಕೂಲಿಕಾರನಿಗೆ ಸಲ್ಲಬೇಕಾದ ಪಾಲು ಧಣಿಯ ಮನೆಯಲ್ಲಿ ಉಳಿದಿದ್ದರೆ, ಅದು ಲಕ್ಕಮ್ಮ ಹಿಂದಿರುಗಿಸಿದ ಅಕ್ಕಿಯಂಥದೇ. ಇಂದಿನ ಕಾಲದಲ್ಲಿ ಆ ಅಳತೆಯ ಹೆಸರು ಕಾರ್ಮಿಕ ಕಾನೂನು.

ಬಾಗಲಕೋಟೆಯ ಸೀಮೆ ಕಾಯಕದ ಸೀಮೆ. ಹಾಸಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಜೋಡಿಸುವ ತೋಪ ತೆನಿಯ ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಇಳಕಲ್-ಹುನಗುಂದ ಭಾಗದ ಕೆಂಪು ಗ್ರಾನೈಟ್, ಬಾಗಲಕೋಟೆಯ ಸಿಮೆಂಟು ಮತ್ತು ಪೇಟೆ, ಜಿಲ್ಲೆಯ ಸಕ್ಕರೆ ಕಾರ್ಖಾನೆಗಳು, ಗುಹಾಲಯಗಳನ್ನು ನೋಡಬರುವವರನ್ನು ನಂಬಿದ ಬಾದಾಮಿಯ ಖಾನಾವಳಿ ಮತ್ತು ವಸತಿಗೃಹಗಳು, ಇವೆಲ್ಲವೂ ಸಾವಿರಾರು ಕೈಗಳಿಗೆ ಕೆಲಸ ಕೊಟ್ಟಿವೆ. ಇಲ್ಲಿ ಕೆಲಸ ಕೊಡುವವರಲ್ಲಿ ದೊಡ್ಡ ಕಂಪನಿಗಳಿಗಿಂತ ಹತ್ತು, ಹದಿನೈದು, ಇಪ್ಪತ್ತು ಆಳುಗಳನ್ನು ಇಟ್ಟುಕೊಂಡ ಸಾಹುಕಾರರೇ ಹೆಚ್ಚು ಕಾಣುತ್ತಾರೆ. ಅವರಲ್ಲಿ ಅನೇಕರು ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ ಅಂಗಡಿಯ ಬಾಗಿಲು ತೆಗೆಯುವ ಭಕ್ತರು. ಆಳುಗಳ ವಿಚಾರ ಬಂದಾಗ ಅವರ ಬಾಯಲ್ಲಿ ಬರುವ ಮಾತು ಒಂದೇ: ಇವರೆಲ್ಲ ನಮ್ಮ ಮನೆಮಕ್ಕಳಿದ್ದ ಹಾಗೆ, ಇವರಿಗೆ ಕಾಗದಪತ್ರ ಯಾಕೆ?

ಈ ಮಾತಿನಲ್ಲಿ ಪ್ರೀತಿ ಇದೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಬಸವ ಜಯಂತಿಗೆ ಹೊಸ ಅಂಗಿ, ದೀಪಾವಳಿಗೆ ಸಿಹಿ, ಆಳಿನ ಮಗಳ ಮದುವೆಗೆ ಒಂದಿಷ್ಟು ಕೈಗಡ, ಮಗನ ಶಾಲೆಯ ಶುಲ್ಕ ಇವನ್ನೆಲ್ಲ ಕೊಡುವ ಧಣಿಗಳು ಈ ಭಾಗದಲ್ಲಿ ಇದ್ದಾರೆ. ಆದರೆ ಮನೆಮಗನಿಗೆ ಆಸ್ತಿಯಲ್ಲಿ ಪಾಲಿದೆ, ಆಳಿಗೆ ಇಲ್ಲ. ಮನೆಮಗ ಕಾಯಿಲೆ ಬಿದ್ದರೆ ಅವನ ಅನ್ನ ನಿಲ್ಲುವುದಿಲ್ಲ, ಆಳಿನದು ನಿಲ್ಲುತ್ತದೆ. ಹಕ್ಕಿಲ್ಲದ ಪ್ರೀತಿ ಕೊಡುವವನ ಮನಸ್ಸಿನ ಮೇಲೆ ನಿಂತಿರುತ್ತದೆ. ಮನಸ್ಸು ತಿರುಗಿದ ದಿನ ಪಡೆಯುವವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ದಾಸೋಹವೆಂದರೆ ತನ್ನದನ್ನು ಸಮರ್ಪಿಸುವುದು. ಕೂಲಿ ತನ್ನದಲ್ಲ, ಅದು ದುಡಿದವನದು. ದುಡಿದವನದನ್ನು ಇಟ್ಟುಕೊಂಡು ಅದರಲ್ಲೇ ಒಂದು ಹಿಡಿ ಅವನಿಗೆ ಉಪಕಾರವೆಂದು ಕೊಡುವುದು ದಾಸೋಹವಾಗಲಾರದು.

ಅಳತೆ ತಿಳಿದಿರಬೇಕು ಎಂಬ ಮಾತಿಗೆ ಈಗ ವಿಶೇಷ ಮಹತ್ವ ಬಂದಿದೆ. ಏಕೆಂದರೆ ಅಳತೆಯೇ ಬದಲಾಗಿದೆ. 2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು: 2019ರ ವೇತನ ಸಂಹಿತೆ, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ, ಸಾಮಾಜಿಕ ಭದ್ರತಾ ಸಂಹಿತೆ ಹಾಗೂ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ. ಹಳೆಯ 29 ಕಾಯ್ದೆಗಳ ಸ್ಥಾನದಲ್ಲಿ ಇವು ನಿಂತಿವೆ. ತಂದೆಯ ಕಾಲದಲ್ಲಿ ಕಲಿತ ಲೆಕ್ಕದ ಮೇಲೆ ಮಗ್ಗದ ಶೆಡ್ಡು ನಡೆಸುವವರು ಈಗ ಆ ಲೆಕ್ಕವನ್ನು ಮತ್ತೊಮ್ಮೆ ನೋಡಬೇಕಾಗಿದೆ.

ಮುಖ್ಯವಾದ ಕೆಲವು ಅಂಶಗಳನ್ನು ಗಮನಿಸಬಹುದು. ಕನಿಷ್ಠ ವೇತನದ ಹಕ್ಕು ಈ ಮೊದಲು ಸರ್ಕಾರ ಪಟ್ಟಿ ಮಾಡಿದ ಉದ್ಯೋಗಗಳಿಗೆ ಮಾತ್ರ ಇತ್ತು. ಈಗ ಅದು ಎಲ್ಲ ಉದ್ಯೋಗಗಳಿಗೂ ಅನ್ವಯಿಸುತ್ತದೆ. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೆಯ ದಿನದೊಳಗೆ ಕೊಡಬೇಕು. ಕೆಲಸ ಬಿಟ್ಟವನ ಅಥವಾ ಬಿಡಿಸಲ್ಪಟ್ಟವನ ಬಾಕಿ ಕೂಲಿಯನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ, ವೇತನದ ಚೀಟಿ, ನೇಮಕಾತಿ ಪತ್ರ ಇವು ಕಡ್ಡಾಯದ ಸಾಲಿನಲ್ಲಿವೆ. ನಿಗದಿತ ಅವಧಿಗೆ ನೇಮಕವಾದವನಿಗೆ ಗ್ರಾಚ್ಯುಟಿ ಸಿಗಲು ಐದು ವರ್ಷ ಕಾಯಬೇಕಾಗಿಲ್ಲ, ಒಂದು ವರ್ಷ ಸಾಕು. ಸಂಬಳವನ್ನು ನಾನಾ ಭತ್ಯೆಗಳಾಗಿ ಒಡೆದು ಮೂಲವೇತನವನ್ನು ಚಿಕ್ಕದಾಗಿ ತೋರಿಸುವ ಜಾಣತನಕ್ಕೂ ತಡೆ ಬಿದ್ದಿದೆ. ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಮೀರಿದ ಭಾಗ ವೇತನವೆಂದೇ ಲೆಕ್ಕಕ್ಕೆ ಬರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಅವಕಾಶವಿದೆ. ಹಿಂದೆ ವಿದ್ಯುತ್ ಬಳಸುವ ಕಡೆ 10 ಕೆಲಸಗಾರರಿದ್ದರೆ ಅದು ಕಾರ್ಖಾನೆ ಎನಿಸುತ್ತಿತ್ತು. ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 20. ಹೀಗಾಗಿ ಸಣ್ಣ ಶೆಡ್ಡುಗಳಿಗೆ ಇನ್ನು ಯಾವ ಕಾನೂನೂ ಇಲ್ಲವೆಂದು ಭಾವಿಸುವವರು ಇರಬಹುದು. ಅದು ಸರಿಯಲ್ಲ. ಸುರಕ್ಷತೆಯ ಸಂಹಿತೆ 10 ಜನರಿರುವ ಸಂಸ್ಥೆಯನ್ನೂ ಮುಟ್ಟುತ್ತದೆ. ವೇತನ ಸಂಹಿತೆಯ ಕನಿಷ್ಠ ಕೂಲಿಯಂತೂ ಒಬ್ಬನೇ ಆಳಿದ್ದರೂ ಬಿಡುವುದಿಲ್ಲ.

ನೇಕಾರಿಕೆಯ ವಿಷಯವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಇಳಕಲ್ಲಿನಲ್ಲಾಗಲಿ ಗುಳೇದಗುಡ್ಡದಲ್ಲಾಗಲಿ ನೂಲು, ರೇಷ್ಮೆ ಕೊಟ್ಟು ನೇಯಿಸಿಕೊಂಡು ಸೀರೆಗಿಷ್ಟು, ಖಣಕ್ಕಿಷ್ಟು ಎಂದು ಮಜೂರಿ ಕೊಡುವ ಪದ್ಧತಿ ಹಳೆಯದು. ಲೆಕ್ಕ ಸೀರೆಯದಾದರೂ ದುಡಿದದ್ದು ಮನುಷ್ಯನ ದಿನ. ತುಂಡು ಲೆಕ್ಕದಲ್ಲಿ ಕೆಲಸ ಮಾಡಿಸಿಕೊಂಡರೂ ಆಳಿಗೆ ಕನಿಷ್ಠ ವೇತನದ ರಕ್ಷಣೆ ಇದೆ ಎಂಬುದು ಕಾನೂನಿನ ಆಶಯ. ಇನ್ನು ಮುಂಗಡದ ಪ್ರಶ್ನೆ. ಕಷ್ಟಕಾಲದಲ್ಲಿ ಕೊಟ್ಟ ಮುಂಗಡ ಆಸರೆಯಾಗುತ್ತದೆ. ಆದರೆ ಅದೇ ಮುಂಗಡ ತೀರುವ ತನಕ ಬೇರೆಡೆ ಹೋಗಕೂಡದೆಂದು ಕಟ್ಟಿಹಾಕಿದರೆ, 1976ರ ಜೀತಪದ್ಧತಿ ರದ್ದತಿ ಕಾಯ್ದೆಯ ಎದುರಿಗೆ ನಿಲ್ಲಬೇಕಾಗುತ್ತದೆ. ಕೂಲಿಯಿಂದ ಮುರಿದುಕೊಳ್ಳುವ ಎಲ್ಲ ಬಾಬತ್ತುಗಳೂ ಸೇರಿ ಆ ಅವಧಿಯ ಕೂಲಿಯ ಅರ್ಧವನ್ನು ಮೀರುವಂತಿಲ್ಲವೆಂದು ವೇತನ ಸಂಹಿತೆ ಹೇಳುತ್ತದೆ. ಸಾಲದ ಹಗ್ಗದಿಂದ ಕಟ್ಟಿದವನು ಮಾಡುವ ಕೆಲಸ ಕಾಯಕವಲ್ಲ. ಕಾಯಕಕ್ಕೆ ಸ್ವಾತಂತ್ರ್ಯವೇ ಪ್ರಾಣ.

ಕೂಲಿಯಷ್ಟೇ ಮುಖ್ಯವಾದುದು ಕಲಿಕೆ. ಕೆಲಸ ಕೊಡುವುದೆಂದರೆ ಕೈಗೆ ಹತಾರು ಕೊಡುವುದಷ್ಟೇ ಅಲ್ಲ, ಆ ಹತಾರಿನಿಂದ ಜೀವ ಉಳಿಸಿಕೊಳ್ಳುವ ಬಗೆಯನ್ನೂ ಕಲಿಸಿಕೊಡುವುದು. ಕಲ್ಲುಗಣಿಯ ಉದಾಹರಣೆ ನೋಡಿರಿ. ಗ್ರಾನೈಟನ್ನು ಕೊರೆಯುವಾಗ, ಕತ್ತರಿಸುವಾಗ, ಹೊಳಪು ಕೊಡುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಆ ಕಣಗಳು ವರ್ಷಗಟ್ಟಲೆ ಉಸಿರಿನೊಡನೆ ಒಳಹೋಗಿ ಶ್ವಾಸಕೋಶವನ್ನು ಗಟ್ಟಿಯಾಗಿಸುತ್ತವೆ. ಸಿಲಿಕೋಸಿಸ್ ಎಂಬ ಈ ಕಾಯಿಲೆಯನ್ನು ಪೂರ್ತಿ ವಾಸಿಮಾಡುವ ಔಷಧಿ ಇಲ್ಲ; ತಡೆಯುವ ದಾರಿ ಮಾತ್ರ ಇದೆ. ನೀರು ಹಾಯಿಸಿ ಕೊರೆದರೆ ಧೂಳು ಅಡಗುತ್ತದೆ. ಸರಿಯಾದ ಮುಖಗವಸು, ವರ್ಷಕ್ಕೊಮ್ಮೆ ಎದೆಯ ತಪಾಸಣೆ ಇವೂ ಬೇಕು. ಮೂಗಿಗೆ ಟವೆಲ್ಲು ಸುತ್ತಿಕೊಂಡರೆ ಸಾಕೆಂದು ನಂಬಿದ ಹುಡುಗನಿಗೆ ಅದು ಸಾಲದೆಂದು ಹೇಳಬೇಕಾದವನು ಧಣಿಯೇ. ತರಬೇತಿ ಕೊಡದೆ ಯಾರನ್ನೂ ಗಣಿಯ ಕೆಲಸಕ್ಕೆ ಇಳಿಸಬಾರದೆಂದು 1966ರಷ್ಟು ಹಿಂದೆಯೇ ಗಣಿಗಳ ವೃತ್ತಿ ತರಬೇತಿ ನಿಯಮಗಳು ವಿಧಿಸಿದ್ದವು. ಇದು ಹೊಸದಾಗಿ ಬಂದ ಹೊರೆಯಲ್ಲ, ಮರೆತುಹೋದ ಹಳೆಯ ಕರ್ತವ್ಯ. ವಿದ್ಯುತ್ ಮಗ್ಗದ ಮನೆಯಲ್ಲಿಯೂ ಇದೇ ಮಾತು: ಯಂತ್ರ ನಿಲ್ಲಿಸಿ ಎಳೆ ಕಟ್ಟುವುದು, ಜೋತಾಡುವ ಬಟ್ಟೆ ಬೆಲ್ಟಿಗೆ ಸಿಕ್ಕದಂತೆ ನೋಡಿಕೊಳ್ಳುವುದು, ಲಾಳಿ ಸಿಡಿಯುವ ದಿಕ್ಕಿಗೆ ನಿಲ್ಲದಿರುವುದು. ಮೊದಲ ದಿನದ ಒಂದು ಗಂಟೆಯ ಕಲಿಕೆ ಒಂದು ಬೆರಳನ್ನು, ಒಂದು ಕಣ್ಣನ್ನು ಉಳಿಸಬಲ್ಲುದು.

ಶರಣರ ನಾಡಿನಲ್ಲಿ ಹೆಣ್ಣುಮಕ್ಕಳ ಕೆಲಸದ ಪ್ರಶ್ನೆಯನ್ನು ಕಡೆಗಣಿಸುವಂತಿಲ್ಲ. ಕಂಡಿಕೆ ಸುತ್ತುವವರು, ವಸತಿಗೃಹದ ಕೋಣೆಗಳನ್ನು ಶುಚಿ ಮಾಡುವವರು, ಅಂಗಡಿಯಲ್ಲಿ ಲೆಕ್ಕ ಬರೆಯುವವರು ಎಲ್ಲರೂ ದುಡಿಯುವವರೇ. ಒಂದೇ ಬಗೆಯ ಕೆಲಸಕ್ಕೆ ಹೆಣ್ಣೆಂಬ ಕಾರಣಕ್ಕೆ ಕಡಿಮೆ ಕೂಲಿ ಕೊಡುವುದು ಕಾನೂನಿಗೆ ವಿರುದ್ಧ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹೊಸ ಸಂಹಿತೆಗಳಲ್ಲಿ ಸೇರಿಲ್ಲ, ಪ್ರತ್ಯೇಕವಾಗಿಯೇ ನಿಂತಿದೆ. ಅದರಂತೆ 10 ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಜನರಿರುವ ಕಡೆಯ ದೂರುಗಳಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. ಕೆಲಸಗಾರರಿಗೆ ತಿಳಿವಳಿಕೆ ನೀಡುವ ಕಾರ್ಯಾಗಾರಗಳನ್ನು ಆಗಾಗ ನಡೆಸುವುದೂ ಧಣಿಯ ಕರ್ತವ್ಯವೇ. ಗೋಡೆಗೆ ಸಮಿತಿಯ ಹೆಸರುಪಟ್ಟಿ ಅಂಟಿಸಿ ಮರೆತರೆ ಆ ಕರ್ತವ್ಯ ಮುಗಿಯುವುದಿಲ್ಲ. ಇದರ ನಡುವೆ 2025ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ದುಡಿಯುವ ಮಹಿಳೆಯರಿಗೆ ತಿಂಗಳಿಗೊಂದು ದಿನ ಸಂಬಳಸಹಿತ ಮುಟ್ಟಿನ ರಜೆಯ ಆದೇಶ ಹೊರಡಿಸಿತು. ಅದು ಹೈಕೋರ್ಟಿನ ಮುಂದೆಯೂ ಹೋಯಿತು. ಇಂಥ ಸಂಗತಿಗಳನ್ನು ಕಿವಿಮಾತಿನಿಂದ ತಿಳಿದುಕೊಳ್ಳದೆ ವಿಚಾರಿಸಿ ಖಚಿತ ಮಾಡಿಕೊಳ್ಳುವುದು ಧಣಿಯಾದವನ ಕೆಲಸ.

ಸಣ್ಣ ಸಾಹುಕಾರರ ಅಳಲನ್ನೂ ಕೇಳಬೇಕು. ನೂಲಿನ ದರ ಏರುತ್ತದೆ, ಸೀರೆಯ ದರ ಏರುವುದಿಲ್ಲ. ಕಾನೂನಿನ ಭಾಷೆ ಕಠಿಣ, ಕಚೇರಿಯ ಹೆಸರು ಕೇಳಿದರೆ ಭಯ. ಇವೆಲ್ಲವೂ ಸುಳ್ಳಲ್ಲ. ಆದರೆ ಭಯಕ್ಕೆ ಅಜ್ಞಾನ ಮದ್ದಲ್ಲ. ಹೊಸ ವೇತನ ಸಂಹಿತೆಯಲ್ಲಿ ಅಧಿಕಾರಿಯ ಹೆಸರಿನಲ್ಲೇ ಸೌಲಭ್ಯಕಾರ ಎಂಬ ಮಾತು ಸೇರಿದೆ. ಕಾನೂನು ಪಾಲಿಸುವ ಬಗೆಯನ್ನು ಧಣಿಗೂ ಆಳಿಗೂ ತಿಳಿಸುವುದು ಆತನ ಹೊಣೆ. ಮೊದಲ ಸಲದ ಲೋಪಗಳಲ್ಲಿ ಮೊಕದ್ದಮೆಗೆ ಮುನ್ನ ಸರಿಪಡಿಸಿಕೊಳ್ಳಲು ಅವಕಾಶವನ್ನೂ ಕೊಡಲಾಗಿದೆ. ಎಲ್ಲವನ್ನೂ ಲೆಕ್ಕಪತ್ರದವರು ನೋಡಿಕೊಳ್ಳುತ್ತಾರೆ ಎಂಬ ಇನ್ನೊಂದು ಸಮಾಧಾನವೂ ಪೊಳ್ಳು. ಅವರು ಅರ್ಜಿ ತುಂಬಿಯಾರು. ಧೂಳಿನಲ್ಲಿ ನಿಂತ ಆಳಿಗೆ ಮುಖಗವಸು ತೊಡಿಸಲಾರರು. ಪೂಜೆಯನ್ನು ಬೇರೊಬ್ಬರಿಂದ ಮಾಡಿಸಿ ಪುಣ್ಯ ತನಗೆ ಬರಲೆನ್ನುವುದನ್ನು ಒಪ್ಪದವರು ಶರಣರು. ಈ ಹೊಣೆಯೂ ಹಾಗೆಯೇ.

ಮಾಡಬೇಕಾದುದು ಬಹಳ ದೊಡ್ಡದೇನಲ್ಲ. ತಿಂಗಳಿಗೊಮ್ಮೆ ಒಂದು ಗಂಟೆ ಯಂತ್ರಗಳನ್ನು ನಿಲ್ಲಿಸಿ ಎಲ್ಲರೂ ಕೂಡಿ ಕುಳಿತು ಸುರಕ್ಷತೆಯ ಮಾತಾಡಬಹುದು. ಹಾಜರಿ, ಕೂಲಿ, ಮುಂಗಡಗಳ ಪುಸ್ತಕವನ್ನು ಆಳೂ ಓದುವಂತೆ ಕನ್ನಡದಲ್ಲಿ ಬರೆಯಬಹುದು. ಏಪ್ರಿಲ್ ಬಂದಾಗ ರಾಜ್ಯದ ಕನಿಷ್ಠ ವೇತನದ ತುಟ್ಟಿಭತ್ಯೆ ಎಷ್ಟಾಯಿತೆಂದು ವಿಚಾರಿಸಬಹುದು. ಒಬ್ಬರಿಗೆ ಕಷ್ಟವಾದರೆ ಒಂದು ಓಣಿಯ ಮಗ್ಗದವರು, ಒಂದು ಪೇಟೆಯ ಅಂಗಡಿಯವರು ಕೂಡಿ ಕಾರ್ಮಿಕ ಇಲಾಖೆಯವರನ್ನು ವರ್ಷಕ್ಕೆರಡು ಸಲ ಕರೆಯಿಸಿ ಕೇಳಬಹುದು. ಅನುಭವ ಮಂಟಪದಲ್ಲಿ ನೇಕಾರನೂ ಅಂಬಿಗನೂ ಸರಿಸಮನಾಗಿ ಕುಳಿತು ಪ್ರಶ್ನಿಸಿದರೆಂದು ಹೆಮ್ಮೆಪಡುವವರು, ತಮ್ಮ ಶೆಡ್ಡಿನಲ್ಲಿ ಆಳು ಪ್ರಶ್ನೆ ಕೇಳಿದರೆ ಮುನಿಯಬಾರದು.

ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣನವರು ಕಲ್ಯಾಣದಲ್ಲಿ ಭಂಡಾರಿಗಳಾಗಿದ್ದರು. ಕೈಯಲ್ಲಿ ಇಷ್ಟಲಿಂಗ ಹಿಡಿದವರೇ ರಾಜ್ಯದ ಲೆಕ್ಕವನ್ನೂ ಹಿಡಿದಿದ್ದರು. ಭಂಡಾರ ಬರಿದಾಯಿತೆಂಬ ಚಾಡಿ ಬಂದಾಗ ಲೆಕ್ಕ ಒಪ್ಪಿಸಿ ನಿಂತರೆಂದು ಪುರಾಣಗಳು ಕೊಂಡಾಡುತ್ತವೆ. ಭಕ್ತಿಗೂ ಲೆಕ್ಕಕ್ಕೂ ವಿರೋಧವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಇಂದು ರಾತ್ರಿ ಅಂಗಡಿಯ ಬಾಗಿಲು ಹಾಕುವ ಮುನ್ನ ಪ್ರತಿಯೊಬ್ಬ ಧಣಿಯೂ ಕೂಲಿಯ ಪುಸ್ತಕವನ್ನು ಲಕ್ಕಮ್ಮನ ಕಣ್ಣಿನಿಂದ ಒಮ್ಮೆ ನೋಡಲಿ. ಅಲ್ಲಿ ಪರರ ಅಕ್ಕಿ ಕಂಡರೆ ನಾಳೆ ಬೆಳಗಾಗುವುದರೊಳಗೆ ಅದು ದುಡಿದವನ ಮನೆಗೆ ಹಿಂದಿರುಗಲಿ. ಕಾಯಕ ನೀಡುವವರ ಕಾಯಕ ಶುದ್ಧವಾಗುವುದು ಅಲ್ಲಿಂದಲೇ.